ಚೆನ್ನಾಗಿದ್ದೇನೆ ಎಂದ ತಪ್ಪಿಗೆ

ನೋವು ಶಮನ ಶಿಬಿರಗಳ ಮೇಲ್ವಿಚಾರಣಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಕಾಯಿಲೆ ಪೂರ್ತಿ ವಾಸಿಯಾಗಿದೆ ಎಂಬ ಸಂತೋಷದ ಸುದ್ದಿ ನನಗೆ ತಿಳಿದದ್ದು ನಿಮ್ಮ ಕಚೇರಿಯಿಂದ ಬಂದ ಎರಡು ಪುಟದ ಉತ್ತರದಿಂದ. ಅದನ್ನು ಓದುವಾಗ ನಾನು ಎಡಗೈಯಿಂದ ಅಂಗಿಯನ್ನು ಮೈಗೆ ತಾಗದಂತೆ ನಾಲ್ಕು ಬೆರಳು ದೂರ ಹಿಡಿದುಕೊಂಡು ನಿಂತಿದ್ದೆ. ಚಳ್ಳಕೆರೆಯಲ್ಲಿ ತಿಂಗಳಿಗೊಂದು ಗುರುವಾರ ನಡೆಯುತ್ತಿದ್ದ ನರದ ನೋವಿನ ಶಿಬಿರವನ್ನು ನೀವು ಮುಚ್ಚಿದಿರಿ. ಯಾಕೆ ಮುಚ್ಚಿದಿರೆಂದು ನನ್ನ ತಮ್ಮನ ಮಗಳು ರಂಜಿತಾ ಮಾಹಿತಿ ಹಕ್ಕಿನಡಿ ಕೇಳಿದಳು. ತಾವು ಕೃಪೆಯಿಟ್ಟು ಉತ್ತರಿಸಿದಿರಿ: 'ನೋಂದಾಯಿತ ನಲವತ್ತೊಂದು ರೋಗಿಗಳನ್ನು ದೂರವಾಣಿ ಮೂಲಕ ಸಂಪರ್ಕಿಸಲಾಗಿ, ಮೂವತ್ತೆಂಟು ಮಂದಿ ತಾವು ಗುಣಮುಖರಾಗಿರುವುದಾಗಿ ಸ್ವತಃ ತಿಳಿಸಿರುತ್ತಾರೆ. ಆದ ಕಾರಣ ಶಿಬಿರದ ಅಗತ್ಯವು ಮುಗಿದಿರುತ್ತದೆ.' ಜೊತೆಗೆ ಪಟ್ಟಿಯನ್ನೂ ಲಗತ್ತಿಸಿದ್ದಿರಿ. ಅದರಲ್ಲಿ ಹನ್ನೊಂದನೆಯ ಹೆಸರು ನನ್ನದು.

ಸುಳ್ಳು ಬರೆದಿದ್ದೀರಿ ಎಂದು ನಿಮ್ಮ ಮೇಲೆ ಹರಿಹಾಯಲು ಈ ಪತ್ರ ಬರೆಯುತ್ತಿಲ್ಲ. ಹಾಗೆ ಬರೆಯಬಹುದಾಗಿದ್ದರೆ ನನಗೂ ಸುಲಭವಾಗುತ್ತಿತ್ತು. ದುಃಖದ ಸಂಗತಿಯೆಂದರೆ ನೀವು ಬರೆದದ್ದು ಅಕ್ಷರಶಃ ನಿಜ. ಫೋನು ಬಂದಿತ್ತು. ಚೆನ್ನಾಗಿದ್ದೀನಿ ಎಂದು ನಾನೇ ಹೇಳಿದ್ದೆ. ಯಾಕೆ ಹೇಳಿದೆ ಎಂಬುದನ್ನು ನಿಮ್ಮವರು ಕೇಳಲಿಲ್ಲ, ಆ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಈಗ ಯಾರೂ ಕೇಳದೆ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ನಾಲ್ಕು ವರ್ಷ ನಾನೂ ಬಹಳ ಸಹಿಸಿಕೊಂಡಿದ್ದೇನೆ.

ನಾನು ಮೊಳಕಾಲ್ಮೂರಿನವನು. ರೇಷ್ಮೆ ಸೀರೆ ನೇಯುವುದು ಕುಲಕಸುಬು, ವಯಸ್ಸು ಐವತ್ತಮೂರು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂರಬೇಕು. ನೇಯ್ದಷ್ಟೂ ಬಟ್ಟೆ ಸುತ್ತಿಕೊಳ್ಳುವ ಮರದ ದಿಂಡು ಹೊಟ್ಟೆಗೆ, ಪಕ್ಕೆಗೆ ಒತ್ತಿಕೊಂಡೇ ಇರುತ್ತದೆ. ಹದಿನಾಲ್ಕನೇ ವಯಸ್ಸಿನಿಂದ ಆ ದಿಂಡು ನನ್ನ ಮೈಗೆ ಎಷ್ಟು ಒಗ್ಗಿತ್ತೆಂದರೆ ಅದು ಅಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಆಷಾಢದಲ್ಲಿ ಎಡಪಕ್ಕೆಯ ಸುತ್ತ ಉರಿ ಶುರುವಾಯಿತು. ದಿಂಡು ತಿಕ್ಕಿ ಚರ್ಮ ಕಿತ್ತಿರಬೇಕು ಎಂದುಕೊಂಡು ಕೊಬ್ಬರಿ ಎಣ್ಣೆ ಸವರಿ ಕೆಲಸ ಮುಂದುವರಿಸಿದೆ. ಮಾರನೆಯ ದಿನಕ್ಕೆ ನೀರುಗುಳ್ಳೆ ಎದ್ದವು, ಬೆನ್ನಿನಿಂದ ಎದೆಯ ಕೆಳಗಿನವರೆಗೆ ಸಾಲಾಗಿ.

ನೋಡಿದವರೆಲ್ಲ ಒಂದೇ ಮಾತು ಹೇಳಿದರು, ಸರ್ಪಸುತ್ತು. ಪಕ್ಕದ ಬೀದಿಯ ಚಿನ್ನಕ್ಕ ಬಂದಳು. ಎಂಬತ್ತು ದಾಟಿದ ಮುದುಕಿ. ಕೆಮ್ಮಣ್ಣು ಕಲಸಿ, ಗುಳ್ಳೆಗಳ ಸುತ್ತ ಹಾವಿನ ಚಿತ್ರ ಬರೆದಳು. ತಲೆಗೂ ಬಾಲಕ್ಕೂ ನಡುವೆ ಅಂತರ ಬಿಟ್ಟಳು. ಎರಡೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ. ಮೂರು ದಿನ ಹಾಗೆ ಬರೆಯಬೇಕು, ಅಷ್ಟರೊಳಗೆ ಸೂಜಿ ಚುಚ್ಚಿಸಬಾರದು, ಇಂಗ್ಲಿಷ್ ಗುಳಿಗೆ ನುಂಗಬಾರದು, ನುಂಗಿದರೆ ಹಾವು ಮುನಿಯುತ್ತದೆ. ನಾನು ನಂಬಿದೆನೋ ಬಿಟ್ಟೆನೋ, ಮನೆಯ ಹೆಂಗಸರ ಮುಖ ನೋಡಿ ಸುಮ್ಮನಾದೆ. ಆಮೇಲೆ ತಿಳಿಯಿತು, ಔಷಧಿ ಕೊಡಬೇಕಾದದ್ದು ಸರಿಯಾಗಿ ಆ ಮೊದಲ ಮೂರು ದಿನದಲ್ಲೇ. ಕೊಟ್ಟಿದ್ದರೆ ನರ ಇಷ್ಟು ಕೆಡುತ್ತಿರಲಿಲ್ಲವೇನೋ. ಇದನ್ನು ಓದಿ ತಾವು ಮೂಢನಂಬಿಕೆಯ ಬಗ್ಗೆ ಒಂದು ಸುತ್ತೋಲೆ ಹೊರಡಿಸಬಹುದು, ಹೊರಡಿಸಿ. ಆದರೆ ಚಿನ್ನಕ್ಕನನ್ನು ಬೈಯುವ ಮನಸ್ಸು ನನಗಿಲ್ಲ. ಮಂಡಿನೋವಿನ ಮುದುಕಿ ಮೂರು ದಿನವೂ ಕೋಲೂರಿಕೊಂಡು ನಮ್ಮ ಮನೆಗೆ ನಡೆದು ಬಂದಳು, ಬೇಡಿದ್ದು ಒಂದು ಎಲೆಯಡಿಕೆ. ನಿಮ್ಮ ಇಲಾಖೆಯಿಂದ ಯಾರೂ ಬಂದಿರಲಿಲ್ಲ.

ಗುಳ್ಳೆಗಳು ಒಣಗಿ ಉದುರಿದವು. ಊರಿಗೆ ನನ್ನ ಕಾಯಿಲೆ ಮುಗಿಯಿತು, ನನಗೆ ಶುರುವಾಯಿತು. ಚರ್ಮದ ಮೇಲೆ ಏನೂ ಇಲ್ಲ, ಒಳಗೆ ಉರಿ. ಅಂಗಿ ಸೋಕಿದರೆ, ಗಾಳಿ ಬೀಸಿದರೆ, ಮಗು ಓಡಿಬಂದು ಅಪ್ಪಿದರೆ ಕಾದ ತಂತಿ ಎಳೆದ ಹಾಗೆ. ನಮ್ಮ ಮನೆಮಾತು ತೆಲುಗು. ತೆಲುಗಿನಲ್ಲಿ ಈ ಉರಿಗೆ ಮಂಟ ಎನ್ನುತ್ತೇವೆ, ಒಳಗಿಂದ ಇರಿಯುವುದಕ್ಕೆ ಪೋಟು ಎನ್ನುತ್ತೇವೆ, ಬಿಡದೆ ಮಿಡಿಯುವುದಕ್ಕೆ ಸಲುಪು. ಮೂರೂ ನನಗಿದ್ದವು, ಮೂರೂ ಬೇರೆಬೇರೆ ಹೊತ್ತಿಗೆ ಬರುತ್ತಿದ್ದವು. ನರಳುವುದು ತೆಲುಗಿನಲ್ಲಿ, ವೈದ್ಯರಿಗೆ ಹೇಳುವುದು ಕನ್ನಡದಲ್ಲಿ, ಅವರು ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಮೂರನೆಯ ಭಾಷೆಗೆ ಹೋಗುವಷ್ಟರಲ್ಲಿ ನನ್ನ ನೋವು ಒಂದೇ ಪದವಾಗಿಬಿಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನ್ನ ಹುಣ್ಣು ಅಂಗೈಯಲ್ಲಿಲ್ಲ ಸ್ವಾಮಿ, ಕನ್ನಡಿಯಲ್ಲೂ ಕಾಣುವುದಿಲ್ಲ. ಕಾಣದ್ದನ್ನು ಯಾರು ನಂಬುತ್ತಾರೆ? ಸೋಮಾರಿಯಾದ ಎಂದರು. ಮಗ್ಗದಿಂದ ತಪ್ಪಿಸಿಕೊಳ್ಳಲು ನೆಪ ಎಂದರು. ನನ್ನ ಸ್ವಂತ ತಮ್ಮನೇ ಅಂದ, ಬೇರೆಯವರ ಮಾತು ಯಾಕೆ.

ಚಿಕಿತ್ಸೆಗೆ ಅಲೆಯಲಿಲ್ಲವೆಂದು ಮಾತ್ರ ಯಾರೂ ಹೇಳುವಂತಿಲ್ಲ. ಊರಿನ ಡಾಕ್ಟರು ಕೊಟ್ಟ ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತು, ಪಕ್ಕೆ ಹಾಗೇ ಇತ್ತು. ಗಡಿಯಾಚೆ ರಾಯದುರ್ಗದ ಕಡೆ ಒಬ್ಬ ನಾಟಿ ವೈದ್ಯನಿದ್ದಾನೆಂದು ಹೋದೆ, ಅರಿಶಿನದ ಕೊಂಬು ಕಾಯಿಸಿ ಬರೆ ಹಾಕಿದ. ಉರಿಯುವ ಜಾಗಕ್ಕೆ ಉರಿ ಹಚ್ಚಿಸಿಕೊಂಡು, ಅದಕ್ಕೆ ಕೈಮುಗಿದು ಬಂದ ಮೂರ್ಖ ನಾನು. ಬಳ್ಳಾರಿಯಲ್ಲಿ ಶಕ್ತಿಯ ಇಂಜೆಕ್ಷನ್ ಹಾಕಿದರು. ದೂರದ ದೊಡ್ಡಾಸ್ಪತ್ರೆಯೊಂದರಲ್ಲಿ ಮೂಳೆಯವರು ಎದೆಯ ಫೋಟೊ ನೋಡಿ ನಮ್ಮದಲ್ಲ ಎಂದು ಚರ್ಮದವರ ಕಡೆ ಕಳಿಸಿದರು, ಚರ್ಮದವರು ಚರ್ಮ ಚೆನ್ನಾಗಿದೆ ಎಂದು ನರದವರ ಕಡೆ ಕಳಿಸಿದರು, ನರದವರು ಆ ದಿನ ರಜೆ. ಅಲ್ಲಿದ್ದ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ, ಮನೆಯಲ್ಲೇನಾದರೂ ಚಿಂತೆಯಿದೆಯಾ ಎಂದು ಕೇಳಿದರು. ಇದೆ ಸಾರ್, ಈ ನೋವೇ ಚಿಂತೆ ಎಂದೆ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಗುರುವಾರದ ಕೊಠಡಿ ಸಿಕ್ಕಿತು. ಹೌದು, ಅದು ನಿಮ್ಮದೇ ಇಲಾಖೆಯ ಒಳ್ಳೆಯ ಕೆಲಸ, ಆ ಹೊಗಳಿಕೆಯನ್ನು ಕದಿಯುವುದಿಲ್ಲ. ಹಳೆಯ ಗೋದಾಮಿನಂಥ ಕೊಠಡಿ, ಹೊರಗೆ ಒಂದು ಉದ್ದ ಬೆಂಚು, ಒಳಗೆ ಡಾಕ್ಟರ್ ವಾಣಿಶ್ರೀ. ನನ್ನ ಮಗಳ ವಯಸ್ಸಿನವರು. ಮೊದಲ ದಿನ ಅವರು ನನ್ನ ಪಕ್ಕೆಯನ್ನು ಕೈಯಿಂದ ಮುಟ್ಟಲಿಲ್ಲ. ಹತ್ತಿಯ ಒಂದು ಎಳೆ ತೆಗೆದು ಮೆಲ್ಲಗೆ ಸೋಕಿಸಿದರು. ನಾನು ಕುರ್ಚಿಯಿಂದ ಎದ್ದುನಿಂತೆ. ಅವರು ಹತ್ತಿಯನ್ನು ಕೆಳಗಿಟ್ಟು, 'ಇಷ್ಟು ನೋವಿಟ್ಕೊಂಡು ಹೇಗೆ ಬಸ್ಸಲ್ಲಿ ಬಂದ್ರಿ ಯಜಮಾನ್ರೇ?' ಎಂದು ಕೇಳಿದರು. ಎರಡು ವರ್ಷದಲ್ಲಿ ನನ್ನ ನೋವನ್ನು ನೋವೆಂದು ಒಪ್ಪಿದ ಮೊದಲ ವಿದ್ಯಾವಂತರು ಅವರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅಲ್ಲೇ ಅತ್ತುಬಿಟ್ಟೆ.

ವಾಸಿ ಮಾಡುತ್ತೇನೆ ಎಂದು ಆಕೆ ಒಂದು ದಿನವೂ ಹೇಳಲಿಲ್ಲ. ಗುಳ್ಳೆ ಹೋದರೂ ಅದು ಕಚ್ಚಿದ ನರ ಹಾಗೇ ಉಳಿದಿದೆ, ಏನೂ ಇಲ್ಲದಾಗಲೂ ಬೆಂಕಿ ಬಿದ್ದಿದೆ ಎಂದು ಮಿದುಳಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಿದೆ, ಆ ಸುದ್ದಿಯ ಗದ್ದಲವನ್ನು ತಗ್ಗಿಸೋಣ ಎಂದರು. ಹತ್ತರಲ್ಲಿ ಒಂಬತ್ತಿದ್ದ ನೋವನ್ನು ಐದಕ್ಕೆ, ಸಾಧ್ಯವಾದರೆ ನಾಲ್ಕಕ್ಕೆ. ಗುಳಿಗೆ ಸ್ವಲ್ಪಸ್ವಲ್ಪವೇ ಏರಿಸಿದರು. ಮೂರ್ಛೆರೋಗಕ್ಕೂ ಇದೇ ಜಾತಿಯ ಗುಳಿಗೆ ಕೊಡುತ್ತಾರಂತೆ. ಔಷಧಿ ಅಂಗಡಿಯವನು ಚೀಟಿ ನೋಡಿ ನಿಮಗೆ ಫಿಟ್ಸ್ ಐತಾ ಎಂದು ಎಲ್ಲರೆದುರು ಕೇಳಿದ, ಒಂದು ವಾರದಲ್ಲಿ ಬೀದಿಗೆಲ್ಲ ನಾನು ಮೂರ್ಛೆರೋಗಿಯಾದೆ. ಆಗಲಿ ಬಿಡಿ, ಕಾಯಿಲೆಗೆ ಒಂದು ಹೆಸರಾದರೂ ಸಿಕ್ಕಿತು. ಮೆಣಸಿನಕಾಯಿಯ ಸಾರದ ಮುಲಾಮು ಕೊಟ್ಟರು, ಅದು ನನಗೆ ಆಗಿಬರಲಿಲ್ಲ, ನಿಲ್ಲಿಸಿದರು. ಕಡೆಗೆ ಪಕ್ಕೆಲುಬಿನ ನಡುವಿನ ನರಕ್ಕೇ ಸೂಜಿಯಿಂದ ಔಷಧಿ ಬಿಡುವ ಯೋಚನೆ ಮಾಡಿದರು. ಕೆಲವರಿಗೆ ತಿಂಗಳುಗಟ್ಟಲೆ ಆರಾಮ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ, ನಿಮಗೆ ಸಿಗಬಹುದು ಎಂದರು. ಚೈತ್ರದ ಗುರುವಾರಕ್ಕೆ ನನ್ನ ಹೆಸರು ಬರೆದುಕೊಂಡರು.

ಇನ್ನೊಂದು ಮಾತು ಹೇಳಿದ್ದರು. ಮೈಗೆ ಹತ್ತಿ ಬಟ್ಟೆ ಒರಟಾಗುತ್ತದೆ, ಅಂಗಿಯ ಒಳಗೆ ನುಣುಪಾದ ರೇಷ್ಮೆಯ ಅಸ್ತರಿ ಹೊಲಿಸಿ ನೋಡಿ ಎಂದು. ನಾನು ನಕ್ಕೆ. ಮೂವತ್ತೊಂಬತ್ತು ವರ್ಷ ರೇಷ್ಮೆ ನೇಯ್ದಿದ್ದೇನೆ, ಒಂದು ದಿನವೂ ತೊಟ್ಟವನಲ್ಲ. ನೇಕಾರನ ಮನೆಯಲ್ಲಿ ರೇಷ್ಮೆ ಇರುವುದು ಮಗ್ಗದ ಮೇಲೆ, ಮೈಮೇಲಲ್ಲ. ಮುಂದಿನ ವಾರ ನನ್ನ ಹೆಂಡತಿ ಬೊಮ್ಮಕ್ಕ ಒಂದು ಅಂಗಿ ತಂದು ಕೊಟ್ಟಳು. ಒಳಗೆ ಎಡಭಾಗದಲ್ಲಿ ಅರಗಿನ ಬಣ್ಣದ ರೇಷ್ಮೆ. ಆ ಬಣ್ಣವನ್ನು ನಾನು ಕಣ್ಣು ಮುಚ್ಚಿಯೂ ಗುರುತಿಸಬಲ್ಲೆ. ಅದು ನಮ್ಮ ಮದುವೆಗೆ ನಾನೇ ನೇಯ್ದ ಸೀರೆ, ಅವಳ ಪೆಟ್ಟಿಗೆಯಲ್ಲಿದ್ದ ಒಂದೇ ರೇಷ್ಮೆ. ಕತ್ತರಿ ಹಾಕಿಬಿಟ್ಟಿದ್ದಳು. ಯಾಕಿಂಥ ಕೆಲಸ ಮಾಡಿದೆ ಎಂದು ನಾನು ರೇಗಿದ್ದಕ್ಕೆ ಅವಳು ಅಂದದ್ದಿಷ್ಟೇ, 'ಪೆಟ್ಟಿಗೆಗೆ ಮೈ ಉರಿತೈತಾ? ನಿಮಗೆ ಉರಿತೈತೆ, ತೊಡ್ರಿ.' ತೊಟ್ಟೆ. ನಿಜಕ್ಕೂ ಹಿತವಾಗಿತ್ತು. ಈ ವಿವರವೂ ನಿಮ್ಮ ನಮೂನೆಯ ಯಾವ ಕಾಲಂಗೂ ಸೇರುವುದಿಲ್ಲ ಎಂದು ಗೊತ್ತಿದೆ, ಆದರೂ ದಾಖಲಾಗಲಿ.

ಆ ಬೆಂಚಿನ ಬಗ್ಗೆಯೂ ಹೇಳಬೇಕು. ಔಷಧಿಯ ಅರ್ಧ ಕೆಲಸವನ್ನು ಅದೇ ಮಾಡುತ್ತಿತ್ತು. ಗೌರಸಮುದ್ರದ ಯರ್ರಮ್ಮ ಬರುತ್ತಿದ್ದಳು, ಶೇಂಗಾ ಬೆಳೆಯುವ ಮನೆಯವಳು. ಅವಳಿಗೆ ಬಲಗೆನ್ನೆಯ ನರ. ನೀರು ಕುಡಿದರೆ, ಮಾತಾಡಿದರೆ, ಮುಖ ತೊಳೆದರೆ ಮಿಂಚು ಹೊಡೆದಂತೆ ನೋವು. ಹಲ್ಲುನೋವೆಂದು ತಿಳಿದು ಎಲ್ಲೆಲ್ಲೋ ತೋರಿಸಿ ನಾಲ್ಕು ಗಟ್ಟಿ ಹಲ್ಲು ಕೀಳಿಸಿಕೊಂಡಿದ್ದಳು, ಐದನೆಯದು ಕೀಳಿಸುವ ಮೊದಲು ಯಾರೋ ಇಲ್ಲಿಗೆ ಕಳಿಸಿದ್ದರು. ಚಳ್ಳಕೆರೆಯ ಎಣ್ಣೆ ಗಿರಣಿಯ ಮುರುಗೇಂದ್ರಪ್ಪನವರು ಬರುತ್ತಿದ್ದರು, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ನರ ಕೆಟ್ಟವರು. ಅಷ್ಟು ದೊಡ್ಡ ಮನುಷ್ಯರು ಚಪ್ಪಲಿ ಬಿಚ್ಚಿ, ಒದ್ದೆ ಟವಲಿನ ಮೇಲೆ ಪಾದವಿಟ್ಟು ನಮ್ಮ ನಡುವೆ ಕೂರುತ್ತಿದ್ದರು. ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಬಂದವರನ್ನು ನೋವು ಯಾವ ಕಡೆ ಎಂದು ಕೇಳಿ, ಆ ಕಡೆ ಜಾಗ ಬಿಟ್ಟು ಕೂರುವುದು ಅಲ್ಲಿಯ ರಿವಾಜು. ಜಗತ್ತಿನಲ್ಲಿ ಬೇರೆಲ್ಲೂ ನನಗಾಗಿ ಯಾರೂ ಎಡಗಡೆ ಜಾಗ ಬಿಟ್ಟಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ನಾನು ದಿನಕ್ಕೆ ಎರಡು ತಾಸು ಮಗ್ಗದಲ್ಲಿ ಕೂರುವಂತಾದೆ. ಸಣ್ಣ ದಿಂಬೊಂದನ್ನು ದಿಂಡಿಗೂ ಪಕ್ಕೆಗೂ ನಡುವೆ ಇಟ್ಟುಕೊಂಡು, ಗಂಟೆಗೊಮ್ಮೆ ಎದ್ದು ನಿಂತು, ಹೇಗೋ. ಅದನ್ನು ಕೇಳಿದ ಮುರುಗೇಂದ್ರಪ್ಪನವರು ತಮ್ಮ ಮಗಳು ಶಿಲ್ಪಾಳ ಮದುವೆಗೆ ಧಾರೆ ಸೀರೆಯನ್ನು ನೀವೇ ನೇಯಬೇಕು, ಎಷ್ಟು ದಿನವಾದರೂ ಆಗಲಿ ಎಂದರು. ನನ್ನ ಮೇಲಿನ ಕರುಣೆಗೆ ಹೇಳಿದರೋ ನನ್ನ ಕೈಯ ಮೇಲಿನ ನಂಬಿಕೆಗೋ, ನಾನು ಕೇಳಲಿಲ್ಲ. ಮೂರು ವರ್ಷದ ಮೇಲೆ ನಮ್ಮ ಮನೆಯ ಮಗ್ಗಕ್ಕೆ ಧಾರೆ ಸೀರೆಯ ಹಾಸು ಏರಿತು. ಬೊಮ್ಮಕ್ಕ ಆ ದಿನ ಹೋಳಿಗೆ ಮಾಡಿದಳು.

ಇಲ್ಲಿ ನಮ್ಮ ಮನೆತನದ ಒಂದು ಕಟ್ಟುಪಾಡು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಧಾರೆ ಸೀರೆ ಮಗ್ಗದ ಮೇಲಿರುವಾಗ ಆ ಕೋಣೆಯಲ್ಲಿ ರೋಗದ, ಸಾವಿನ, ಜಗಳದ ಮಾತು ಆಡುವಂತಿಲ್ಲ. ಆಡಿದ ಮಾತು ನೂಲಿಗೆ ಹತ್ತಿಕೊಂಡು ಉಡುವ ಹೆಣ್ಣಿನ ಬಾಳಿಗೆ ಹೋಗುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ನನ್ನ ಅಜ್ಜಿ ತೀರಿಕೊಂಡ ದಿನ ಅಪ್ಪ ಒಳಗೆ ಧಾರೆ ಸೀರೆ ನೇಯುತ್ತಿದ್ದರು. ಸುದ್ದಿ ತಂದವನು ಕೋಣೆಯ ಹೊಸ್ತಿಲಲ್ಲಿ ನಿಂತು, ಅಣ್ಣಾ ಒಂಚೂರು ಅಂಗಳಕ್ಕೆ ಬಾ ಎಂದು ಕರೆದ. ಅಪ್ಪ ಹಿಡಿದ ಲಾಳಿಯನ್ನು ಸೀರೆಯ ಆಚೆ ದಡ ಮುಟ್ಟಿಸಿ, ಎದ್ದು ಅಂಗಳಕ್ಕೆ ಬಂದು, ಅಲ್ಲಿ ನಿಂತು ತಾಯಿಯ ಸಾವನ್ನು ಕೇಳಿಸಿಕೊಂಡರು. ನಾನು ಸಣ್ಣವನು, ಬಾಗಿಲ ಹಿಂದೆ ನಿಂತು ನೋಡಿದ್ದೆ.

ನಿಮ್ಮ ಫೋನು ಬಂದಾಗ ನಾನು ಮಗ್ಗದಲ್ಲಿ ಕೂತಿದ್ದೆ. ಮೊಬೈಲು ಪಕ್ಕದ ಗೂಡಿನಲ್ಲಿತ್ತು. ಎಳೆಯ ಹೆಣ್ಣುಮಗಳ ದನಿ, ಬಹಳ ಮರ್ಯಾದೆಯ ಮಾತು. ನೋವು ಶಮನ ಶಿಬಿರದ ಕಡೆಯಿಂದ ಮಾತಾಡುತ್ತಿದ್ದೇನೆ, ಈಗ ಹೇಗಿದ್ದೀರಾ ಸರ್ ಎಂದಳು. ಎದುರಿಗೆ ಹಾಸು ಬಿಗಿದಿತ್ತು. ಇನ್ನೊಬ್ಬರ ಮನೆಯ ಹೆಣ್ಣು ಉಡಬೇಕಾದ ಸೀರೆ. 'ಚೆನ್ನಾಗಿದೀನಮ್ಮ, ನುಂಕಪ್ಪ ದೇವರ ದಯ' ಎಂದೆ. ನೋವು ಈಗ ಇಲ್ಲ ಅಲ್ವಾ ಸರ್ ಎಂದಳು. ಇಲ್ಲಮ್ಮ ಎಂದೆ. ಧನ್ಯವಾದ ಹೇಳಿ ಇಟ್ಟಳು. ಅಷ್ಟೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಹೊರಗೆ ಬಂದು ಬೊಮ್ಮಕ್ಕನಿಗೆ ನಾನು ಏನು ಹೇಳಿದೆ ಗೊತ್ತೇ? ನೋಡು, ಸರ್ಕಾರದವರೇ ಫೋನು ಮಾಡಿ ಆರೋಗ್ಯ ವಿಚಾರಿಸಿದರು ಎಂದು. ನನಗೆ ಹೆಮ್ಮೆಯಾಗಿತ್ತು ಸ್ವಾಮಿ.

ಚೈತ್ರದ ಗುರುವಾರ ಬಂತು. ಎಂದಿನಂತೆ ಬಸ್ಸಿನ ಎಡಕಿಟಕಿಯ ಸೀಟು ಹಿಡಿದೆ, ಆ ಕಡೆ ಮನುಷ್ಯರ ಮೈ ತಾಗುವುದಿಲ್ಲ. ಗಾಳಿ ತಾಗುತ್ತದೆ, ಅದಕ್ಕೆ ಸೀರೆ ಪೆಟ್ಟಿಗೆಯ ರಟ್ಟೊಂದನ್ನು ಕಿಟಕಿಗೆ ಅಡ್ಡ ಹಿಡಿದುಕೊಳ್ಳುತ್ತೇನೆ. ಕಂಡಕ್ಟರುಗಳಿಗೆಲ್ಲ ನಾನು ರಟ್ಟಿನ ಯಜಮಾನ. ತಳಕು ಊರು ದಾಟುವವರೆಗೂ ಸೂಜಿಯ ಬಗ್ಗೆಯೇ ಯೋಚನೆ. ಹೋಗಿ ನೋಡಿದರೆ ಕೊಠಡಿಗೆ ಬೀಗ, ಬಾಗಿಲಿಗೆ ಚೀಟಿ, 'ಶಿಬಿರವು ಯಶಸ್ವಿಯಾಗಿ ಮುಕ್ತಾಯಗೊಂಡಿರುತ್ತದೆ.' ಬೆಂಚನ್ನೂ ಒಯ್ದಿದ್ದರು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರನ್ನು ಬೇರೆ ಜಿಲ್ಲೆಗೆ ಹಾಕಿದ್ದರು. 'ಗುಳಿಗೆ ಮಾತ್ರ ಒಂದೇ ಸಲಕ್ಕೆ ನಿಲ್ಲಿಸ್ಬೇಡಿ ಯಜಮಾನ್ರೇ' ಎಂದರು. ನಿಲ್ಲಿಸಬಾರದೆಂದು ನನಗೂ ಗೊತ್ತು. ಹೊಸ ಚೀಟಿಯಿಲ್ಲದೆ ಅಂಗಡಿಯವನು ಕೊಡುವುದಿಲ್ಲ, ಚೀಟಿ ಬರೆಯುವವರು ಈ ತಾಲ್ಲೂಕಿನಲ್ಲಿ ಇಲ್ಲ. ಹದಿನೈದು ದಿನಕ್ಕೆ ಇದ್ದುದನ್ನು ಅರ್ಧರ್ಧ ಮಾಡಿ ಒಂದು ತಿಂಗಳು ನುಂಗಿದೆ. ಆಮೇಲೆ ಮುಗಿಯಿತು. ನಾಲ್ಕಕ್ಕೆ ಇಳಿದಿದ್ದ ನೋವು ಮರಳಿ ಒಂಬತ್ತಕ್ಕೇರಿತು. ಸೀರೆ ಸೆರಗಿನವರೆಗೂ ಬಂದಿಲ್ಲ, ಅರ್ಧಕ್ಕೇ ನಿಂತಿದೆ.

ಯರ್ರಮ್ಮನ ಸುದ್ದಿಯೇ ಇರಲಿಲ್ಲ. ಕಳೆದ ತಿಂಗಳು ಮನಸ್ಸು ತಡೆಯದೆ ಗೌರಸಮುದ್ರಕ್ಕೆ ಹೋದೆ. ಅವಳು ಪಡಸಾಲೆಯಲ್ಲಿ ಕೂತಿದ್ದಳು, ಮುಖಕ್ಕೆ ಸೆರಗು ಹೊದ್ದು. ಮೊದಲಿನ ಅರ್ಧ ಆಗಿದ್ದಳು. ಸೊಸೆ ಹೇಳಿದಳು, ಗುಳಿಗೆ ನಿಂತ ಮೇಲೆ ರಾಗಿ ಗಂಜಿಯನ್ನು ಚಮಚದ ತುದಿಯಲ್ಲಿ ಎಡಗಡೆಯಿಂದ ಬಿಡುತ್ತೇವೆ, ಅಷ್ಟೇ ಹೋಗುವುದು, ಮಾತು ಬಿಟ್ಟು ಒಂದೂವರೆ ತಿಂಗಳಾಯಿತು, ಸನ್ನೆಯಲ್ಲೇ ಎಲ್ಲ. ನಾನು ಅವಳ ಎದುರು ಕೂತು ತಪ್ಪೊಪ್ಪಿಕೊಂಡೆ. ಹೀಗೆ ಫೋನು ಬಂದಿತ್ತು ಅಕ್ಕ, ಚೆನ್ನಾಗಿದ್ದೀನಿ ಅಂದುಬಿಟ್ಟೆ, ನನ್ನ ಬಾಯಿಂದಲೇ ಬಾಗಿಲು ಮುಚ್ಚಿತು, ನಿನಗೆ ಈ ಗತಿ ಬಂತು ಎಂದೆ. ಯರ್ರಮ್ಮ ಅಂಗೈಯಿಂದ ಕೆನ್ನೆಯನ್ನು ಅದುಮಿ ಹಿಡಿದು, ತುಟಿ ಅಲ್ಲಾಡಿಸದೆ, ಹಲ್ಲಿನ ಸಂದಿನಿಂದ ಹೇಳಿದಳು:

'ನಂಗೂ ಬಂದಿತ್ತು. ಆರಾಮ ಅಂದೆ. ನೋವೈತೆ ಅಂದಿದ್ರೆ ಇನ್ನೂ ಕೇಳ್ತಿದ್ರು ಪೆದ್ದಣ್ಣ. ಉದ್ದ ಮಾತಾಡಾಕೆ ಬಾಯೆಲ್ಲೈತೆ?'

ಅಷ್ಟು ಹೇಳುವುದರೊಳಗೆ ನೋವು ಬಂದು ಅವಳು ಗೋಡೆಗೆ ಹಣೆ ಒತ್ತಿಕೊಂಡಳು. ಸೊಸೆ ಓಡಿಬಂದು, ಯಾಕೆ ಮಾತಾಡಿಸಿದ್ರಿ ಎಂದು ನನ್ನನ್ನು ಬೈದಳು. ಬೈದದ್ದು ನ್ಯಾಯವಾಗಿತ್ತು. ನಿಮ್ಮ ಪಟ್ಟಿಯಲ್ಲಿ ಯರ್ರಮ್ಮನ ಸಂಖ್ಯೆ ಇಪ್ಪತ್ತಾರು. ಗುಣಮುಖ.

ಹಾಗೆಯೇ ವಿಚಾರಿಸುತ್ತಾ ಹೋದೆ. ಮುರುಗೇಂದ್ರಪ್ಪನವರು ಏನೂ ತೊಂದರೆಯಿಲ್ಲ ಎಂದಿದ್ದರಂತೆ. ಫೋನು ಬಂದಾಗ ಎದುರಿಗೆ ಬೀಗರು ಕೂತಿದ್ದರು, ಅವರ ಮುಂದೆ ಅಂಗಾಲು ಉರಿಯುತ್ತದೆ ಎನ್ನಲಾದೀತೇ? ರಾಂಪುರದ ಒಬ್ಬರು ದೊಡ್ಡವರಿಗೆ ಯಾಕೆ ಬೇಜಾರು ಮಾಡುವುದು ಎಂದು ಸುಳ್ಳಾಡಿದ್ದರು. ಮಾನ್ಯರೇ, ನೀವು ಈ ಸೀಮೆಯಲ್ಲಿ ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೀರೋ ತಿಳಿಯದು. ಇಲ್ಲಿ ಯಾರಾದರೂ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀವಿ ಎನ್ನುವುದು ಉತ್ತರವಲ್ಲ, ಅದು ಕೇಳಿದವರಿಗೆ ಕೊಡುವ ಮರ್ಯಾದೆ. ಬಾಗಿಲಿಗೆ ಬಂದವರಿಗೆ ನೀರು ಕೊಡುವ ಹಾಗೆ. ನೀರು ಕೊಟ್ಟ ಮಾತ್ರಕ್ಕೆ ಮನೆಯ ಬಾವಿ ತುಂಬಿದೆ ಎಂದು ಬರೆದುಕೊಂಡು ಹೋಗುವುದೇ? ನಿಮ್ಮ ಮನೆಯಲ್ಲಿ, ನಿಮ್ಮ ತಾಯಿಯವರು, ದೂರದಿಂದ ನೀವು ಫೋನು ಮಾಡಿ ಹೇಗಿದ್ದೀಯಮ್ಮ ಎಂದಾಗ ಏನನ್ನುತ್ತಾರೆ? ಅದನ್ನು ನೀವು ಪೂರ್ತಿ ನಂಬುತ್ತೀರಾ?

ನಾನು ಕೂಡ ಕಡಿಮೆ ತಪ್ಪು ಮಾಡಿಲ್ಲ. ಮೊದಲು ಮೂರು ದಿನ ಹಾವಿಗೆ ಹೆದರಿ ಬಾಯಿ ಮುಚ್ಚಿಕೊಂಡೆ, ನರ ಹೋಯಿತು. ಆಮೇಲೆ ಸೀರೆಗೆ ಹೆದರಿ ಬಾಯಿ ಬಿಟ್ಟೆ, ಶಿಬಿರ ಹೋಯಿತು. ನನ್ನ ಪಾಲಿನದನ್ನು ನಾನು ಹೊರುತ್ತೇನೆ. ಯರ್ರಮ್ಮನ ಗಂಜಿಯ ಚಮಚ ದಿನಾ ಕಣ್ಣಮುಂದೆ ಬರುತ್ತದೆ, ಅದನ್ನು ನಿಮ್ಮ ಮೇಲೆ ಹಾಕಿ ಕೈತೊಳೆದುಕೊಳ್ಳುವಷ್ಟು ಧೈರ್ಯ ನನಗಿಲ್ಲ. ಆದರೆ ಕೇಳುತ್ತೇನೆ: ಇನ್ನೊಬ್ಬರ ಮೈಯೊಳಗಿನ ಬೆಂಕಿಯನ್ನು ಒಂದು ನಿಮಿಷದ ಫೋನಿನಲ್ಲಿ ಅಳೆಯಬಹುದೆಂದು ನಿಮಗೆ ಯಾರು ಹೇಳಿದರು? ಗುಣವಾಗದ ಕಾಯಿಲೆ ಎಂದು ನಿಮ್ಮ ಡಾಕ್ಟರೇ ಬರೆದ ಚೀಟಿ ನಿಮ್ಮದೇ ಕಡತದಲ್ಲಿತ್ತು. ಮೂವತ್ತೆಂಟು ಜನ ಒಟ್ಟಿಗೆ ಗುಣವಾದರು ಎಂದಾಗ, ಇದು ಪವಾಡವೋ ತಪ್ಪೋ ಎಂದು ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ? ನಾವು ನೋವಿದೆ ಎಂದಾಗ ನಾಲ್ಕು ಕಡೆ ಸಾಕ್ಷಿ ಕೇಳಿದಿರಿ. ನೋವಿಲ್ಲ ಎಂದಾಗ ಮಾತ್ರ ನಮ್ಮ ಒಂದೇ ಮಾತು ಸಾಕಾಯಿತು.

ನನ್ನ ಬೇಡಿಕೆ ಇಷ್ಟು. ಗುರುವಾರದ ಕೊಠಡಿಯ ಬೀಗ ತೆಗೆಸಿ. ಡಾಕ್ಟರ್ ವಾಣಿಶ್ರೀಯವರನ್ನೇ ಕಳಿಸಿದರೆ ಪುಣ್ಯ, ಆಗದಿದ್ದರೆ ಹತ್ತಿಯ ಎಳೆಯಿಂದ ಪಕ್ಕೆ ಮುಟ್ಟಲು ಬಲ್ಲ ಬೇರೆ ಯಾರನ್ನಾದರೂ ಕಳಿಸಿ. ಮೊದಲ ದಿನ ನನಗಿಂತ ಮುಂಚೆ ಯರ್ರಮ್ಮನನ್ನು ಒಳಗೆ ಕರೆಯಲಿ, ನನ್ನ ಸೂಜಿ ತಡವಾದರೂ ಪರವಾಗಿಲ್ಲ. ಬೆಂಚನ್ನು ಮರೆಯದೆ ಹಾಕಿಸಿ. ನಿಮ್ಮ ಪಟ್ಟಿಯಿಂದ ಹನ್ನೊಂದನೆಯ ಹೆಸರನ್ನೂ ಇಪ್ಪತ್ತಾರನೆಯ ಹೆಸರನ್ನೂ ಹೊಡೆದುಹಾಕಿ. ಉಳಿದವರನ್ನು ಮತ್ತೊಮ್ಮೆ ಕೇಳಿಸಿ. ಹೇಗಿದ್ದೀರಿ ಎಂದಲ್ಲ. ಈ ದಿನ ಯಾವ ಬಟ್ಟೆ ತೊಟ್ಟಿರಿ, ಏನು ಉಂಡಿರಿ, ಎಷ್ಟು ಹೆಜ್ಜೆ ನಡೆದಿರಿ ಎಂದು ಕೇಳಿಸಿ. ಆಗ ಸುಳ್ಳು ಹೇಳಲು ನಮಗೆ ಬರುವುದಿಲ್ಲ.

ಈ ಪತ್ರವನ್ನು ಅಂಗಳದಲ್ಲಿ, ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಹಾಳೆಯಿಟ್ಟು, ನಿಂತುಕೊಂಡು ಬರೆದಿದ್ದೇನೆ. ಬರೆಯುತ್ತಾ ಮೂರು ದಿನವಾಯಿತು, ಒಂದು ಕೈ ಅಂಗಿ ಹಿಡಿದಿರಬೇಕಲ್ಲ. ಒಳಗೆ ನೆರಳಿದೆ, ಮೇಜೂ ಇದೆ. ಆದರೆ ಒಳಗೆ ಮಗ್ಗದ ಮೇಲೆ ಶಿಲ್ಪಾಳ ಸೀರೆ ಅರ್ಧಕ್ಕೆ ನಿಂತಿದೆ. ಅಲ್ಲಿ ನನಗೆ ನೋವಿದೆ ಎಂದು ಬರೆಯಲೂ ಆರೆ. ಮುಂದಿನ ಸಲ ನಿಮ್ಮ ಕಚೇರಿಯ ಹೆಣ್ಣುಮಗಳು ಫೋನು ಮಾಡುವಾಗ, ದಯಮಾಡಿ ಇಷ್ಟು ಹೇಳಿಕೊಡಿ: ಮೊದಲು, ಅಣ್ಣಾ ಒಂಚೂರು ಅಂಗಳಕ್ಕೆ ಬಾ ಎನ್ನಲಿ. ಲಾಳಿಯನ್ನು ದಡ ಮುಟ್ಟಿಸಿ ಎದ್ದು ಬರುತ್ತೇನೆ. ಬಂದು ನಿಜ ಹೇಳುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ಗುಣವಾಗಿರುವ,
ಪೆದ್ದಣ್ಣ, ನೇಕಾರ
ಕ್ರಮಸಂಖ್ಯೆ ಹನ್ನೊಂದು
ಮೊಳಕಾಲ್ಮೂರು